ಪ್ಯಾನ್ಸಿ ಬೀಜ: ಮಿಕ್ಸ್ ಪ್ಯಾಕೆಟ್, ಎಫ್1, ವಯೋಲಾ ಮೂರರಲ್ಲಿ ನನ್ನ ಓಟು ವಯೋಲಾಗೆ

ಬೆಂಗಳೂರಿನ ತಾರಸಿಯಲ್ಲಿ ಬೀಜ ಹಾಕಿ ಪ್ಯಾನ್ಸಿ ಬೆಳೆಸುವ ಆಸೆ ಇದ್ದರೆ ವಯೋಲಾ ತಗೊಳ್ಳಿ. ಅದೂ ಪ್ಯಾನ್ಸಿಯ ಹತ್ತಿರದ ನೆಂಟನೇ. ಹೂ ಸಣ್ಣದು, ಅಷ್ಟೇ. ಅಂಗಡಿಯ ಮಿಕ್ಸ್ ಪ್ಯಾಕೆಟ್, ದೊಡ್ಡ ಹೂವಿನ ಎಫ್1 ಹೈಬ್ರಿಡ್ (ಎರಡು ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆಯ ಬೀಜ), ವಯೋಲಾ, ಮೂರನ್ನೂ ಪಕ್ಕಪಕ್ಕದ ಟ್ರೇಗಳಲ್ಲಿ ಬಿತ್ತಿ ನೋಡಿ ಹೇಳುತ್ತಿದ್ದೇನೆ.

ಮಿಕ್ಸ್ ಪ್ಯಾಕೆಟ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಕವರ್ ಮೇಲೆ ನೇರಳೆ, ನೀಲಿ, ಕೆಂಪು, ಬಿಳಿ, ಎಲ್ಲಾ ಬಣ್ಣ ಇತ್ತು. ಪ್ಯಾಕ್ ಮಾಡಿದ ತಿಂಗಳು ಮಾತ್ರ ಎಲ್ಲೂ ಇರಲಿಲ್ಲ. ಪ್ಯಾನ್ಸಿ ಬೀಜಕ್ಕೆ ಆಯಸ್ಸು ಕಡಿಮೆ. ತಣ್ಣನೆಯ ಒಣ ಜಾಗದಲ್ಲಿ ಇಡದಿದ್ದರೆ ಬೇಗ ಕಸುವು ಕಳೆದುಕೊಳ್ಳುತ್ತದೆ. ಬೇಸಿಗೆಯಿಡೀ ಅಂಗಡಿ ಮುಂದೆ ತೂಗುಹಾಕಿದ ಪ್ಯಾಕೆಟ್ಟಿನ ಗತಿ ಏನಾಗಬೇಡ? ಉಳಿದೆರಡು ಟ್ರೇಗಳಲ್ಲಿ ಎರಡು ವಾರದೊಳಗೆ ಮೊಳಕೆ ಬಂತು. ಇದರಲ್ಲಿ ಅಲ್ಲೊಂದು ಇಲ್ಲೊಂದು, ಅದೂ ತಿಂಗಳುಗಟ್ಟಲೆ ಸತಾಯಿಸಿ.

ತಡವಾದರೆ ಏನೀಗ ಅನ್ನಬೇಡಿ. ನಮ್ಮೂರಲ್ಲಿ ಪ್ಯಾನ್ಸಿಗೆ ಸಿಗುವ ಕಾಲವೇ ಚಿಕ್ಕದು. ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ, ಲಾಲ್‌ಬಾಗ್‌ನ ಜನವರಿ ಫ್ಲವರ್ ಶೋ ಹೊತ್ತಿಗೆ ನಮ್ಮ ಕುಂಡದಲ್ಲೂ ಹೂ ಇರುತ್ತದೆ. ಮಾರ್ಚ್ ಬಿಸಿಲು ಬಂತೆಂದರೆ ಗಿಡ ಸೊರಗಿ, ಹೂ ಸಣ್ಣದಾಗುತ್ತಾ ಹೋಗುತ್ತದೆ. ಮಿಕ್ಸ್ ಗಿಡಗಳು ಮೊಗ್ಗು ಬಿಟ್ಟಿದ್ದು ಫೆಬ್ರವರಿ ಅರ್ಧ ಕಳೆದ ಮೇಲೆ. ಅರಳಿದ್ದು ಬರೀ ಹಳದಿ! ಒಂದು ಗಿಡದಲ್ಲಿ ಮಾತ್ರ ಕಂದುಗೆಂಪು. ಕವರ್ ಮೇಲಿದ್ದ ಆ ನೀಲಿಗಾಗಿಯೇ ನಾನು ಅದನ್ನು ಕೊಂಡಿದ್ದು. ನೀಲಿ ಬರಲೇ ಇಲ್ಲ.

ಬಿತ್ತುವ ರೀತಿ ಮೂರಕ್ಕೂ ಒಂದೇ. ಬೀಜ ಸಾಸಿವೆಗಿಂತ ಸಣ್ಣದು. ಒದ್ದೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಉದುರಿಸಿ, ತೆಳ್ಳಗೆ ಮುಚ್ಚಿ, ಮೇಲೆ ಪೇಪರ್ ಹೊದಿಸಿ. ಕತ್ತಲೆ ಬೇಕು, ತಂಪು ಬೇಕು. 18ರಿಂದ 20 ಡಿಗ್ರಿ ಇದ್ದರೆ ಚೆನ್ನ. 25 ದಾಟಿತೋ, ಬೀಜ ಮುಷ್ಕರ ಹೂಡುತ್ತದೆ. ಅದಕ್ಕೇ ನನ್ನ ಟ್ರೇಗಳ ಜಾಗ ಮಂಚದ ಕೆಳಗಿನ ನೆಲ. ದಿನಾ ಬೆಳಿಗ್ಗೆ ಪೇಪರ್ ಎತ್ತಿ ನೋಡಬೇಕು. ಬಗ್ಗಿದ ಬಿಳಿ ಕೊಕ್ಕೆಯಂಥ ಮೊಳಕೆ ಕಂಡ ದಿನವೇ ಟ್ರೇ ಬೆಳಕಿಗೆ ಬರಬೇಕು. ಇಲ್ಲದಿದ್ದರೆ ಸಸಿ ಉದ್ದಕ್ಕೆ ಎಳೆದುಕೊಂಡು ಮಲಗುತ್ತದೆ. ನೀರನ್ನು ಮೇಲಿಂದ ಸುರಿಯದೆ, ಟ್ರೇಯ ತಳದಿಂದ ಕುಡಿಸಿ. ಬುಡ ಕೊಳೆಯುವುದು ಕಡಿಮೆ.

ಎಫ್1 ಬಗ್ಗೆ ದೂರು ಕಡಿಮೆ. ಆರಿಸಿದ ಬಣ್ಣವೇ ಬಂತು, ಗಿಡಗಳೆಲ್ಲಾ ಒಂದೇ ಎತ್ತರ. ಹೂ ಅಂಗೈ ಅರ್ಧ ತುಂಬುವಷ್ಟಿತ್ತು. ಆದರೆ ಬೆಲೆ ಜಾಸ್ತಿ, ಪ್ಯಾಕೆಟ್ಟಲ್ಲಿ ಬೀಜ ಎಣಿಸಿ ಇಟ್ಟಷ್ಟೇ. ಅಕಾಲ ಮಳೆ ಬಿದ್ದರೆ ಆ ಅಗಲದ ಎಸಳು ನೀರು ಹಿಡಿದು ತಲೆ ತಗ್ಗಿಸುತ್ತದೆ. ಬೀಜ ಎತ್ತಿಟ್ಟರೂ ಮುಂದಿನ ವರ್ಷ ಅದೇ ಹೂ ಬರುತ್ತದೆಂಬ ನಂಬಿಕೆ ಇಲ್ಲ.

ವಯೋಲಾ ಹೂ ಎರಡು ಬೆರಳಗಲ ಅಷ್ಟೇ, ಆದರೆ ಗಿಡದ ತುಂಬಾ. ಮೇಲಿನ ಎಸಳು ನೇರಳೆ, ಕೆಳಗಿನದು ಹಳದಿ, ಅದರ ನಡುವಿನಿಂದ ಕಪ್ಪು ಮೀಸೆಯಂಥ ಗೆರೆಗಳು. ಮಳೆ ನಿಂತ ಒಂದೆರಡು ಗಂಟೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ನಾನು ಬೆಳಿಗ್ಗೆ ಒಂದೇ ಸಲ ನೀರು ಹಾಕಿ ಆಫೀಸಿಗೆ ಹೋಗುವವಳು. ಬಾಡಿದ ಹೂ ಚಿವುಟುವುದು ಭಾನುವಾರ ಮಾತ್ರ. ವಯೋಲಾ ಇದಕ್ಕೆಲ್ಲಾ ಹೊಂದಿಕೊಂಡಿತು. ಎಫ್1 ಸೊರಗಿತು. ಮತ್ತೆ ವಯೋಲಾದ ಕಾಯಿ ಒಣಗಿ ಮೂರು ಸೀಳಾಗಿ ಬೀಜ ಚಿಮ್ಮುತ್ತದೆ. ಪಕ್ಕದ ಕುಂಡದಲ್ಲಿ ಪುಕ್ಕಟೆ ಸಸಿ!

ಈ ಸಲದ ಪಟ್ಟಿ ಆಗಿದೆ: ವಯೋಲಾ ಎರಡು ಬಣ್ಣ, ಬಾಗಿಲ ಮುಂದಿನ ಕುಂಡಕ್ಕೆ ನೀಲಿ ಎಫ್1 ಒಂದು ಪ್ಯಾಕೆಟ್. ಅದೂ ಪ್ಯಾಕ್ ಮಾಡಿದ ತಿಂಗಳು ನೋಡಿಯೇ.