ಟ್ರಯಲ್ ಆಂಟಿವೈರಸ್ ತೆಗೆಯುವ ಮುಂಚೆ ಇದನ್ನು ಓದಿ: ನನ್ನ ಬಟವಾಡೆ ದುಡ್ಡು ಹೋದದ್ದು ಹೀಗೆ

ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದಿದೆಯಾ? ಅದನ್ನು ತೆಗೆದು ಬಿಸಾಕಬೇಕು ಅಂತ ಕೂತಿದ್ದೀರಾ? ದಯವಿಟ್ಟು ಐದು ನಿಮಿಷ ಕೈ ತಡೆಯಿರಿ. ನಾನು ಅದರ ಫೋಲ್ಡರನ್ನೇ ಹುಡುಕಿ ಅಳಿಸಿದೆ. ಇಂಟರ್ನೆಟ್ ಹೋಯಿತು. ಅದನ್ನು ಸರಿ ಮಾಡಿಸಲು ಹೋಗಿ 20,999 ರೂಪಾಯಿ ಹೋಯಿತು. ಅದರಲ್ಲಿ ಹೆಚ್ಚಿನ ಪಾಲು ನನ್ನ ದುಡ್ಡೂ ಅಲ್ಲ, ಕಾಫಿ ಕೊಯ್ದವರ ಕೂಲಿ.

ನಾನು ಚಿಕ್ಕಮಗಳೂರು ತಾಲೂಕಿನಲ್ಲಿ, ಆಲ್ದೂರಿನ ಆಚೆ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಾಕುವುದು, ಸಂಜೆ ಕಣದಲ್ಲಿ ಹಣ್ಣಿನ ತೂಕ ಬರೆದುಕೊಳ್ಳುವುದು, ಚೆಕ್‌ರೋಲ್ (ಹಾಜರಿ, ಕೂಲಿಯ ಲೆಕ್ಕ) ಇಡುವುದು, ಶನಿವಾರ ಬಟವಾಡೆ, ಅಂದರೆ ಕೂಲಿ ಹಂಚುವುದು ನನ್ನ ಕೆಲಸ. ಮೊದಲೆಲ್ಲ ಪುಸ್ತಕದಲ್ಲೇ ಬರೆಯುತ್ತಿದ್ದೆ. ಈಗ ಎಲ್ಲಾ ಎಕ್ಸೆಲ್‌ನಲ್ಲಿ. ಬಹಳಷ್ಟು ಜನರ ಕೂಲಿ ಬ್ಯಾಂಕ್ ಖಾತೆಗೇ ಹೋಗುತ್ತದೆ. ಖಾತೆ ಇಲ್ಲದ ಏಳೆಂಟು ಜನರಿಗೆ ಕೈಯಲ್ಲಿ ಕೊಡಬೇಕು. ಆ ದುಡ್ಡನ್ನು ಸಾಹುಕಾರ್ರು ಗುರುವಾರವೇ ನನ್ನ ಖಾತೆಗೆ ಹಾಕುತ್ತಾರೆ.

ಡಿಸೆಂಬರಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಡಿಸಿದರು. ಅದರಲ್ಲಿ ಒಂದು ಆಂಟಿವೈರಸ್ ಮೊದಲೇ ಇತ್ತು, 30 ದಿನದ ಟ್ರಯಲ್. ಜನವರಿಯಲ್ಲಿ ಅವಧಿ ಮುಗಿಯಿತು. ಆಮೇಲೆ ಶುರುವಾಯಿತು ಕಾಟ. ತೂಕ ಟೈಪ್ ಮಾಡುತ್ತಿದ್ದರೆ ಮೂಲೆಯಿಂದ ಒಂದು ಕೆಂಪು ಪೆಟ್ಟಿಗೆ ಏಳುತ್ತದೆ. ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಕೊಳ್ಳಿ’ ಅನ್ನುತ್ತದೆ. ಮುಚ್ಚಿದರೆ ಅರ್ಧ ಗಂಟೆಗೆ ಮತ್ತೆ ಹಾಜರ್. ಕುಯ್ಲಿನ ಸಮಯ, ದಿನಕ್ಕೆ ಅರವತ್ತು ಜನರ ತೂಕ ಏರಿಸಬೇಕು. ತಲೆ ಕೆಟ್ಟುಹೋಯಿತು.

ಗುರುವಾರ ಸಂಜೆ ಅದನ್ನು ತೆಗೆದೇ ತೀರುವುದು ಅಂತ ಕೂತೆ. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಹೋಗಿ ಅದರ ಹೆಸರಿನ ಫೋಲ್ಡರ್ ಹಿಡಿದು ಡಿಲೀಟ್ ಒತ್ತಿದೆ. ಒಪ್ಪಲಿಲ್ಲ. ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಸೇಫ್ ಮೋಡ್‌ಗೆ (ವಿಂಡೋಸ್ ತೀರಾ ಬೇಕಾದದ್ದನ್ನು ಮಾತ್ರ ಹಾಕಿಕೊಂಡು ಶುರುವಾಗುವ ಸ್ಥಿತಿ) ಹೋದರೆ ಯಾವ ಫೋಲ್ಡರ್ ಬೇಕಾದರೂ ಅಳಿಸಬಹುದು ಅಂತ ಅದರಲ್ಲಿ ಹೇಳಿದ್ದರು. ಹಾಗೇ ಮಾಡಿದೆ. ಫೋಲ್ಡರ್ ಹೋಯಿತು, ಕೆಂಪು ಪೆಟ್ಟಿಗೆಯೂ ಹೋಯಿತು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಒಂದು ಪುಟವೂ ಬರುತ್ತಿಲ್ಲ. ವೈಫೈ ಗುರುತು ಪೂರ್ತಿ ಇದೆ, ‘ಕನೆಕ್ಟೆಡ್’ ಅಂತಲೂ ಇದೆ. ಮೊದಲು ಲೈನ್ ಮೇಲೆ ಅನುಮಾನ ಬಂತು. ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಹೊಸದಲ್ಲ. ಆದರೆ ಅದೇ ವೈಫೈಯಲ್ಲಿ ನನ್ನ ಮೊಬೈಲ್ ಚೆನ್ನಾಗಿ ಓಡುತ್ತಿತ್ತು. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ನೋಡಿದೆ, ಆಗಲೂ ಲ್ಯಾಪ್‌ಟಾಪ್‌ಗೆ ಬರಲಿಲ್ಲ. ತೊಂದರೆ ಲ್ಯಾಪ್‌ಟಾಪಿನೊಳಗೇ ಇದೆ ಅಂತ ಅಲ್ಲಿಗೆ ಗೊತ್ತಾಗಬೇಕಿತ್ತು ಅಲ್ವಾ? ಗೊತ್ತಾಯಿತು ಕೂಡ. ಆದರೆ ಮಾರನೇ ದಿನ ಬಟವಾಡೆ. ಆ ಗಾಬರಿಯಲ್ಲಿ ಎರಡನೇ ತಪ್ಪು ಮಾಡಿದೆ. ಮೊದಲನೆಯದಕ್ಕಿಂತ ದೊಡ್ಡದು ಇದೇ.

ಮೊಬೈಲಿನಲ್ಲಿ ಆ ಆಂಟಿವೈರಸ್ ಹೆಸರು ಹಾಕಿ, ಜೊತೆಗೆ ‘ಕಸ್ಟಮರ್ ಕೇರ್ ನಂಬರ್’ ಅಂತ ಬರೆದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ಒಂದು ನಂಬರ್ ಬಂತು. ಅದು ಕಂಪನಿಯದೇ ಅಂತ ನಂಬಿದೆ. ಕಂಪನಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎತ್ತಿದವನು ಮೊದಲು ಹಿಂದಿಯಲ್ಲಿ ಮಾತಾಡಿದ. ನನ್ನ ಹಿಂದಿ ಕೇಳಿ ಇನ್ನೊಬ್ಬನಿಗೆ ಕೊಟ್ಟ. ಅವನದು ಒಳ್ಳೆ ಕನ್ನಡ. ‘ಸರ್, ಗಾಬರಿ ಆಗ್ಬೇಡಿ, ನಾವಿದ್ದೀವಲ್ಲ’ ಅಂದ. ಆ ಒಂದು ಮಾತಿಗೆ ನನ್ನ ಅನುಮಾನವೆಲ್ಲ ಇಳಿದುಹೋಯಿತು. ವಿಂಡೋಸ್ ಕೀ ಹಿಡಿದು ಆರ್ ಒತ್ತಿ ಅಂದ. ಒಂದು ಸಣ್ಣ ಪೆಟ್ಟಿಗೆ ಬಂತು. ಅದರಲ್ಲಿ ಒಂದೊಂದೇ ಅಕ್ಷರ ಹೇಳಿ ಬರೆಸಿದ. ‘ಇವೆಂಟ್ ವ್ಯೂವರ್’ ಅನ್ನುವ ಕಿಟಕಿ ತೆರೆಯಿತು. ‘ಎಡಗಡೆ ಸಿಸ್ಟಮ್ ಅಂತ ಇದೆ ನೋಡಿ ಸರ್. ಒತ್ತಿ. ಕೆಂಪು ಗುರುತು ಕಾಣ್ತಿದ್ಯಾ? ಎಷ್ಟಿದೆ, ಎಣಿಸಿ ಹೇಳಿ.’ ಎಣಿಸುತ್ತಾ ಹೋದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಕೆಳಗೆ ಇನ್ನೂ ಇತ್ತು. ‘ಸರ್, ಅವೆಲ್ಲಾ ವೈರಸ್ಸು. ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಅದರಲ್ಲೇ ಹೋಗ್ತಿದೆ’ ಅಂದ. ಎದೆ ಧಸಕ್ಕೆಂದಿತು.

ಈ ಜಾಗದಲ್ಲಿ ಸ್ವಲ್ಪ ನಿಂತು ಓದಿ. ಆ ಕೆಂಪು ಗುರುತುಗಳು ವೈರಸ್ ಅಲ್ಲ. ವಿಂಡೋಸ್ ತನ್ನೊಳಗೆ ನಡೆದದ್ದನ್ನೆಲ್ಲ ಅಲ್ಲಿ ಬರೆದಿಟ್ಟುಕೊಳ್ಳುತ್ತದೆ, ನಮ್ಮ ಚೆಕ್‌ರೋಲ್ ಇದ್ದ ಹಾಗೆ. ಯಾವುದೋ ಸರ್ವಿಸ್ ತಡವಾಗಿ ಶುರುವಾದರೂ ಒಂದು ಕೆಂಪು ಗುರುತು ಬೀಳುತ್ತದೆ. ಸರಿಯಾಗಿರುವ ಕಂಪ್ಯೂಟರ್‌ನಲ್ಲೂ ಅವು ಇರುತ್ತವೆ. ನಿಮ್ಮದರಲ್ಲೂ ಇವೆ, ಬೇಕಾದರೆ ತೆರೆದು ನೋಡಿ. ಇದನ್ನು ತೋರಿಸಿ ಹೆದರಿಸುವುದು ಈ ಕಳ್ಳರ ಹಳೇ ವಿದ್ಯೆ.

ಲ್ಯಾಪ್‌ಟಾಪ್‌ಗೆ ನೆಟ್ ಇಲ್ಲವಲ್ಲ, ಅದಕ್ಕೆ ಮೊಬೈಲ್ ಮೂಲಕ ಸರಿ ಮಾಡುತ್ತೇವೆ ಅಂದರು. ಸ್ಕ್ರೀನ್ ಹಂಚಿಕೊಳ್ಳುವ ಒಂದು ಆಪ್ ಹಾಕಿಸಿದರು. ಅದರಲ್ಲಿ ಬಂದ ಅಂಕಿ ಓದಿ ಹೇಳಲು ಹೇಳಿದರು, ಓದಿದೆ. ಅಲ್ಲಿಂದ ನನ್ನ ಮೊಬೈಲಿನಲ್ಲಿ ನನಗೆ ಕಾಣುವುದೆಲ್ಲ ಅವರಿಗೂ ಕಾಣತೊಡಗಿತು. 2,499 ರೂಪಾಯಿ ಶುಲ್ಕ ಅಂತ ಒಂದು ಲಿಂಕ್ ಕಳಿಸಿದರು. ಡೆಬಿಟ್ ಕಾರ್ಡಿನ ನಂಬರು, ಹಿಂದಿನ ಮೂರು ಅಂಕಿ ಎಲ್ಲಾ ತುಂಬಿದೆ. ಓಟಿಪಿ ಬಂತು, ಹಾಕಿದೆ.

‘ಈಗ ಸ್ಕ್ಯಾನ್ ಆಗ್ತಿದೆ ಸರ್, ಹತ್ತು ನಿಮಿಷ ಫೋನ್ ಮುಟ್ಟಬೇಡಿ, ಕೆಳಗಿಡಿ’ ಅಂದ. ಮೇಜಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲ್ಗಡೆ ಇನ್ನೊಂದು ಮೆಸೇಜ್ ಇಳಿಯಿತು. 18,500 ಅನ್ನುವ ಅಂಕಿ ಕಣ್ಣಿಗೆ ಬಿತ್ತು. ಓದುವಷ್ಟರಲ್ಲಿ ಮೇಲೆ ಸರಿದು ಮಾಯವಾಯಿತು. ಆ ಓಟಿಪಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಅವರೇ ನೋಡಿಕೊಂಡರು. ‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಎಲ್ಲರೂ ಹೇಳುತ್ತಾರೆ. ಹೇಳದಿದ್ದರೂ ಹೋಗುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಇಂಥ ಆಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿತ್ತು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂದ ಕೂಡಲೇ ಫೋನ್ ಸ್ವಿಚ್ ಆಫ್ ಮಾಡಿದೆ. ಬಂಗಲೆಗೆ ಓಡಿ ಸಾಹುಕಾರ್ರ ಫೋನಿನಿಂದ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಆಮೇಲೆ 1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆಗೆ ದೇಶಕ್ಕೆಲ್ಲ ಇದೊಂದೇ ನಂಬರ್. ಯಾವ ಖಾತೆಗೆ ದುಡ್ಡು ಹೋಗಿದೆಯೋ ಅಲ್ಲಿ ತಡೆಯಲು ನೋಡುತ್ತಾರೆ. ತಡವಾದಷ್ಟೂ ದುಡ್ಡು ಇನ್ನೊಂದು ಖಾತೆಗೆ, ಮತ್ತೊಂದು ಖಾತೆಗೆ ದಾಟುತ್ತದೆ. ಇನ್ನೊಂದು ವಿಷಯವೂ ತಿಳಿದಿರಲಿ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ತಂದ ನಿಯಮದ ಪ್ರಕಾರ, ನಮ್ಮ ಅಜಾಗರೂಕತೆಯಿಂದ ಹೋದ ದುಡ್ಡಿಗೆ, ಬ್ಯಾಂಕಿಗೆ ತಿಳಿಸುವ ತನಕ ನಾವೇ ಹೊಣೆ. ತಿಳಿಸಿದ ಮೇಲೆ ಹೋದರೆ ಬ್ಯಾಂಕ್ ಹೊಣೆ. ಹಾಗಾಗಿ ನಾಚಿಕೆ ಪಡುತ್ತಾ ಕೂರಬೇಡಿ. ಆ ಹತ್ತು ನಿಮಿಷಕ್ಕೂ ಬೆಲೆ ಇದೆ.

ಲ್ಯಾಪ್‌ಟಾಪ್ ಸರಿ ಮಾಡಿದ್ದು ನನ್ನ ಅಕ್ಕನ ಮಗ. ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಅವತ್ತು ರಾತ್ರಿ ಬೈಕಿನಲ್ಲಿ ಬಂದ. ಕತೆ ಎಲ್ಲಾ ಕೇಳಿ, ‘ಮಾವ, ಬೆಳಿಗ್ಗೆನೇ ನಂಗೊಂದು ಫೋನ್ ಮಾಡಬಾರದಿತ್ತಾ’ ಅಂದ. ಅಷ್ಟೇ, ಮತ್ತೆ ಒಂದು ಮಾತೂ ಬೈಯಲಿಲ್ಲ. ಮೊದಲು ಚೆಕ್‌ರೋಲ್ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡ. ಆಮೇಲೆ ಕೆಲಸ ಶುರು ಮಾಡಿದ.

ಏನಾಗಿತ್ತು ಅಂತ ಅವನು ವಿವರಿಸಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಆಂಟಿವೈರಸ್ ಬರೀ ತನ್ನ ಫೋಲ್ಡರಿನಲ್ಲಿ ಇರುವುದಿಲ್ಲ. ಹೋಗಿಬರುವ ಡೇಟಾ ತಪಾಸಣೆ ಮಾಡಲು ಇಂಟರ್ನೆಟ್ ದಾರಿಯಲ್ಲೇ ಒಂದು ಗೇಟ್ ಹಾಕಿರುತ್ತದೆ. ಅದನ್ನು ನಡೆಸುವ ಸಣ್ಣ ಪ್ರೋಗ್ರಾಂಗಳು, ಅಂದರೆ ಡ್ರೈವರ್‌ಗಳು, ವಿಂಡೋಸ್ ಫೋಲ್ಡರಿನಲ್ಲಿ ಇರುತ್ತವೆ, ನಮೂದುಗಳು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಇರುತ್ತವೆ. ‘ಮಾವ, ನೀವು ಗೇಟಿನ ವಾಚರ್‌ನ ಓಡಿಸಿದ್ರಿ. ಬೀಗದ ಕೈ ಅವನ ಜೇಬಲ್ಲೇ ಹೋಯ್ತು, ಗೇಟು ಹಾಕಿದ ಹಾಗೇ ಇದೆ’ ಅಂದ.

ಸರಿಯಾಗಿ ತೆಗೆಯುವ ದಾರಿ ತುಂಬಾ ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ, ಆಪ್ಸ್ ಒತ್ತಿ. ವಿಂಡೋಸ್ 11 ಆದರೆ ‘ಇನ್‌ಸ್ಟಾಲ್ಡ್ ಆಪ್ಸ್’, 10 ಆದರೆ ‘ಆಪ್ಸ್ ಅಂಡ್ ಫೀಚರ್ಸ್’. ಅಲ್ಲಿ ಅದರ ಹೆಸರಿನ ಮುಂದೆ ಅನ್‌ಇನ್‌ಸ್ಟಾಲ್ ಕೊಟ್ಟು, ಮುಗಿದ ಮೇಲೆ ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಮಾಡದೆ ಸುಮ್ನೆ ಬಿಡಬೇಡಿ, ಉಳಿದ ಡ್ರೈವರ್‌ಗಳು ಹೋಗುವುದು ಆಗಲೇ. ಅಷ್ಟಾದರೂ ಏನಾದರೂ ಉಳಿದರೆ, ಹೆಚ್ಚಿನ ಆಂಟಿವೈರಸ್ ಕಂಪನಿಗಳು ಅದಕ್ಕೇ ಅಂತ ಒಂದು ರಿಮೂವಲ್ ಟೂಲ್ ಕೊಡುತ್ತವೆ, ಪುಕ್ಕಟೆ. ಆದರೆ ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಬೇಕು.

ನನ್ನ ಅಳಿಯ ಆ ಟೂಲನ್ನು ತನ್ನ ಅಂಗಡಿಯಿಂದಲೇ ಪೆನ್‌ಡ್ರೈವ್‌ನಲ್ಲಿ ತಂದಿದ್ದ. ಸೇಫ್ ಮೋಡ್‌ನಲ್ಲಿ ಓಡಿಸಿದ. ಸೇಫ್ ಮೋಡ್‌ಗೆ ಹೋಗುವಾಗ ಕೆಲವು ಹೊಸ ಲ್ಯಾಪ್‌ಟಾಪ್‌ಗಳು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳುತ್ತವಂತೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತದೆ, ಮೊದಲೇ ನೋಡಿ ಬರೆದಿಟ್ಟುಕೊಳ್ಳಿ. ಟೂಲ್ ಓಡಿದ ಮೇಲೂ ನೆಟ್ ಬರಲಿಲ್ಲ. ಆಗ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ನೆಟ್‌ವರ್ಕ್ ಜೋಡಣೆಯನ್ನು ಮೊದಲಿನಂತೆ ಮಾಡಲು ‘ನೆಟ್‌ಶ್ ವಿನ್‌ಸಾಕ್ ರೀಸೆಟ್’ ಅಂತ ಕೊಟ್ಟ. ನೆಟ್‌ಶ್ ಅಂದರೆ ಎನ್, ಇ, ಟಿ, ಎಸ್, ಎಚ್, ಐದೂ ಸೇರಿಸಿ ಬರೆಯಬೇಕು. ಆಮೇಲೆ ‘ನೆಟ್‌ಶ್ ಇಂಟ್ ಐಪಿ ರೀಸೆಟ್’. ಮತ್ತೆ ರೀಸ್ಟಾರ್ಟ್. ಕಪ್ಪು ಪರದೆ ಹೋಗಿ ಮುಖಪುಟ ಬಂತು. ಬ್ರೌಸರ್ ಒತ್ತಿದ. ಪುಟ ತೆರೆಯಿತು. ಹತ್ತೂವರೆ ರಾತ್ರಿ, ನಾನು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಇಷ್ಟಕ್ಕೂ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ನೆಟ್ ಅನ್ನು ಬೇರೆ ದಾರಿಯಿಂದ ಕಳಿಸುವ ವ್ಯವಸ್ಥೆ) ಆನ್ ಆಗಿ ಉಳಿದಿದೆಯಾ ನೋಡಬೇಕು, ಕೊನೆಗೆ ‘ನೆಟ್‌ವರ್ಕ್ ರೀಸೆಟ್’ ಕೊಡಬೇಕು ಅಂದ. ಅದು ಕೊಟ್ಟರೆ ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕಾಗುತ್ತದೆ.

ಆಮೇಲೆ ‘ವಿಂಡೋಸ್ ಸೆಕ್ಯುರಿಟಿ’ ತೆರೆದು ತೋರಿಸಿದ. ವಿಂಡೋಸ್ 10, 11ರಲ್ಲಿ ಡಿಫೆಂಡರ್ ಅನ್ನುವ ಆಂಟಿವೈರಸ್ ಮೊದಲಿನಿಂದಲೇ ಇರುತ್ತದೆ, ಅದಕ್ಕೆ ದುಡ್ಡಿಲ್ಲ. ಬೇರೆ ಆಂಟಿವೈರಸ್ ಬಂದಾಗ ಅದು ಪಕ್ಕಕ್ಕೆ ಸರಿಯುತ್ತದೆ. ಆ ಬೇರೆಯದನ್ನು ಸರಿಯಾಗಿ ತೆಗೆದರೆ ಡಿಫೆಂಡರ್ ತಾನಾಗಿ ವಾಪಸ್ ಬರುತ್ತದೆ. ನಾನು ಫೋಲ್ಡರ್ ಅಳಿಸಿದ್ದರಿಂದ ಹಳೆಯದು ಇನ್ನೂ ಇದೆ ಅಂತಲೇ ವಿಂಡೋಸ್ ತಿಳಿದಿತ್ತು, ಡಿಫೆಂಡರ್ ಬಂದಿರಲಿಲ್ಲ. ಗುರುವಾರ ಸಂಜೆಯಿಂದ ಶುಕ್ರವಾರ ರಾತ್ರಿಯ ತನಕ ಆ ಲ್ಯಾಪ್‌ಟಾಪ್‌ಗೆ ಕಾವಲೇ ಇರಲಿಲ್ಲ. ಚೆಕ್‌ರೋಲ್ ಎಲ್ಲಾ ಅದರಲ್ಲೇ ಇತ್ತು. ನೆನೆದರೆ ಈಗಲೂ ಭಯವಾಗುತ್ತದೆ.

ಟ್ರಯಲ್ ಶುರು ಮಾಡುವಾಗ ಕಾರ್ಡ್ ಅಥವಾ ಯುಪಿಐ ಆಟೋಪೇ ಕೊಟ್ಟಿದ್ದರೆ, ಸಾಫ್ಟ್‌ವೇರ್ ತೆಗೆದ ಮಾತ್ರಕ್ಕೆ ದುಡ್ಡು ಕಡಿತ ನಿಲ್ಲುವುದಿಲ್ಲ. ಆಟೋಪೇಯನ್ನು ಬೇರೆಯಾಗಿಯೇ ರದ್ದು ಮಾಡಬೇಕು. ನಾನು ಕೊಟ್ಟಿರಲಿಲ್ಲ, ಅದೊಂದು ಉಳಿಯಿತು.

ಶನಿವಾರ ಖಾತೆ ಇದ್ದವರ ಕೂಲಿ ಮಧ್ಯಾಹ್ನದೊಳಗೆ ಹೋಯಿತು. ಕೈಯಲ್ಲಿ ಕೊಡಬೇಕಾದವರಿಗೆ ಅಕ್ಕನ ಹತ್ತಿರ ಸಾಲ ತಂದು ಸಂಜೆ ಕೊಟ್ಟೆ. ಆಳುಗಳ ಲೈನ್ ಮನೆಯ ಒಬ್ಬ ಅಜ್ಜಿ ಎರಡು ಗಂಟೆಯಿಂದಲೇ ಆಫೀಸಿನ ಜಗುಲಿಯಲ್ಲಿ ಕೂತಿದ್ದರು. ದುಡ್ಡು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, ‘ರೈಟರ್ರೇ, ಯಾಕೆ ಮುಖ ಬಾಡಿದೆ, ಜ್ವರವಾ’ ಅಂತ ಕೇಳಿದರು. ಏನೂ ಹೇಳಲು ಆಗಲಿಲ್ಲ.

ಸೋಮವಾರ ಚಿಕ್ಕಮಗಳೂರಿನಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. 9,200 ರೂಪಾಯಿ ಒಂದು ಖಾತೆಯಲ್ಲಿ ತಡೆಯಲಾಗಿದೆ ಅಂತ ಹೇಳಿದ್ದಾರೆ. ಇನ್ನೂ ಕೈಗೆ ಬಂದಿಲ್ಲ. ಉಳಿದದ್ದರ ಸುಳಿವಿಲ್ಲ. ಆ ಫೋನ್ ನಂಬರಿನ ಬಗ್ಗೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲೂ ದೂರು ಹಾಕಿದ್ದೇನೆ. ನಿನ್ನೆ ರಾತ್ರಿ ಅದೇ ಪದಗಳನ್ನು ಹಾಕಿ ಮತ್ತೆ ಹುಡುಕಿ ನೋಡಿದೆ. ನಂಬರ್ ಇನ್ನೂ ಅಲ್ಲೇ ಇದೆ, ಎಲ್ಲಕ್ಕಿಂತ ಮೇಲೆ.