ಚರ್ಚ್ ಸುದ್ದಿಗೆ ಗ್ರೂಪೋ, ಚಾನೆಲ್ಲೋ, ಪೇಜೋ?

ಚರ್ಚ್ ಸುದ್ದಿ ತಿಳಿಸಲು ವಾಟ್ಸಾಪ್ ಗ್ರೂಪ್, ವಾಟ್ಸಾಪ್ ಚಾನೆಲ್, ಫೇಸ್‌ಬುಕ್ ಪೇಜ್ ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಬಳ್ಳಾರಿಯಲ್ಲಿ ಜ್ಞಾನೋಪದೇಶ (ಮಕ್ಕಳಿಗೆ ಕ್ರೈಸ್ತ ಧರ್ಮಪಾಠ) ಕಲಿಸುವ ಟೀಚರೊಬ್ಬರು ಕೇಳಿದ್ದರು. ಮೂರೂ ಪುಕ್ಕಟೆ, ಖರ್ಚಿನ ಮಾತು ಬಿಡಿ. ನೋಡಬೇಕಾದದ್ದು ಯಾರಿಗೆ ಏನು ಕಾಣುತ್ತದೆ ಅನ್ನೋದು.

ವಾಟ್ಸಾಪ್ ಗ್ರೂಪಿನಲ್ಲಿ 1024 ಜನ ಸೇರಬಹುದು, ಆದರೆ ಒಬ್ಬರ ನಂಬರ್ ಉಳಿದವರಿಗೆಲ್ಲ ಸಿಗುತ್ತದೆ. ಗಾಯನ ತಂಡದ ಹುಡುಗಿಯರ ನಂಬರ್ ಊರಿಗೇ ಹಂಚಿದ ಹಾಗೆ! ಹತ್ತು ಮಂದಿ ಸ್ವಯಂಸೇವಕರು ಕೆಲಸ ಹಂಚಿಕೊಳ್ಳೋದಕ್ಕಾದರೆ ಗ್ರೂಪೇ ಸರಿ. 2023ರಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್‌ನಲ್ಲಿ ಫಾಲೋವರ್‌ಗಳ ನಂಬರ್ ಪರಸ್ಪರ ಕಾಣದು; ಅಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕೋದರಿಂದ ಗುಡ್ ಮಾರ್ನಿಂಗ್ ಹೂಗಳ ಕಾಟವೂ ಇಲ್ಲ. ಬಲಿಪೂಜೆಯ (ಚರ್ಚಿನ ಮಾಸ್) ಸಮಯ ತಿಳಿಸಲು ಅದು ಸಾಕು.

ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನ ಹಬ್ಬಕ್ಕೆ ಪರ ಊರಿನವರನ್ನು ಕರೆಯಲು ಫೇಸ್‌ಬುಕ್ ಪೇಜ್. ಅಲ್ಲಿ ಮಕ್ಕಳ ಫೋಟೊ ಹಾಕುವ ಮುನ್ನ ಮಾತ್ರ ತಂದೆತಾಯಿಯನ್ನು ಕೇಳಿ. ರೋಗಿಗಳ ಹೆಸರಿರುವ ಪ್ರಾರ್ಥನಾ ಕೋರಿಕೆಯನ್ನಂತೂ ಅವರ ಒಪ್ಪಿಗೆಯಿಲ್ಲದೆ ಮೂರರಲ್ಲೂ ಹಾಕಬೇಡಿ.