ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್: ‘ಠಕ್’ ಅಂದರೆ ಮಾತ್ರ ಕೊಳ್ಳಿ

ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ತೆರೆದ ಅಂಗಳವಿಲ್ಲ. 1367ರ ಈ ಕಟ್ಟಡದ ನೆತ್ತಿಯ ಮೇಲೆಲ್ಲ ಗುಮ್ಮಟಗಳು. ಪಕ್ಕದ ಕಮಾನುಗಳಿಂದ ಬಂದ ಬೆಳಕು ಒಳಗಿನ ಕಂಬಗಳನ್ನು ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಯಾಶಿಕಾ ಎಲೆಕ್ಟ್ರೋ 35 ಜಿಎಸ್ಎನ್ ಎಂಬ ಹಳೆಯ ಫಿಲ್ಮ್ ಕ್ಯಾಮೆರಾದ ಬೆಲೆ ತಿಳಿಯುವುದು ಅಲ್ಲಿ. ಆ ಕಾಲದ ಹೆಚ್ಚಿನ ಕ್ಯಾಮೆರಾಗಳು ಶಟರ್ ತೆರೆದಿಡುವ ಹೊತ್ತನ್ನು ಎಣಿಸುವಾಗ 1 ಸೆಕೆಂಡಿಗೆ ಕೈಚೆಲ್ಲಿ, ಮುಂದಿನದನ್ನು ಬಲ್ಬ್‌ಗೆ (ಗುಂಡಿ ಒತ್ತಿರುವಷ್ಟೂ ಶಟರ್ ತೆರೆದಿರುವ ವ್ಯವಸ್ಥೆ) ಮತ್ತು ನಮ್ಮ ಲೆಕ್ಕಕ್ಕೆ ಬಿಡುತ್ತವೆ. ಇದು 30 ಸೆಕೆಂಡಿನವರೆಗೂ ತಾನೇ ಎಣಿಸುತ್ತದೆ. ಅಪರ್ಚರ್ (ಲೆನ್ಸಿನ ಬೆಳಕಿನ ಕಂಡಿ) ಎಫ್4ಕ್ಕಿಟ್ಟು, ಕೇಬಲ್ ರಿಲೀಸ್ (ಕ್ಯಾಮೆರಾ ಅಲುಗದಂತೆ ಗುಂಡಿ ಒತ್ತುವ ತಂತಿ) ಒತ್ತಿ ಹಿಡಿದುಕೊಂಡರೆ, ಎಷ್ಟೋ ಹೊತ್ತಿನ ಮೇಲೆ ಶಟರ್ ಮುಚ್ಚಿದ ಸಣ್ಣ ಸದ್ದು ಕೇಳುತ್ತದೆ. ಟ್ರೈಪಾಡ್ ಬಿಡದ ಕಡೆ ಕಟ್ಟೆಯ ಮೇಲೆ ಅವರೆಕಾಳು ತುಂಬಿದ ಚೀಲ ಇಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೂ ನಡೆಯುತ್ತದೆ.

ಒಂದು ತಿದ್ದುಪಡಿ ಮಾತ್ರ ನಾವೇ ಮಾಡಬೇಕು. ಕತ್ತಲಲ್ಲಿ ಹೊತ್ತು ಹೆಚ್ಚಿದಂತೆ ಫಿಲ್ಮ್ ಬೆಳಕು ಹಿಡಿಯುವುದು ಮಂಕಾಗುತ್ತದೆ ಎನ್ನುವುದು ಕ್ಯಾಮೆರಾಗೆ ಗೊತ್ತಿಲ್ಲ. ಅದು 10 ಸೆಕೆಂಡು ಅಳೆದ ಕಡೆ 400 ವೇಗದ ಫಿಲ್ಮಾದ ಇಲ್ಫರ್ಡ್ ಎಚ್‌ಪಿ5ಗೆ ಸುಮಾರು 20 ಬೇಕು. ಅಂಥ ಕಡೆ ಫಿಲ್ಮಿನ ವೇಗ ಹೇಳುವ ಎಎಸ್ಎ ಡಯಲನ್ನು 400ರಿಂದ 200ಕ್ಕೆ ಇಳಿಸಿ.

ದಿನದ ಬಳಕೆಯಲ್ಲಿ ಇದರ ಹಿತವೆಲ್ಲ ಹೆಬ್ಬೆರಳಲ್ಲಿದೆ. ಲಿವರನ್ನು ಪೂರ್ತಿ ಎಳೆದರೆ ಫಿಲ್ಮ್ ಸರಿಯುವ ಬಿಗಿ, ಅದರ ಜೊತೆಗೇ ಒಳಗಿಂದ ಒಂದು ಗಟ್ಟಿ ‘ಠಕ್’. ಗುಂಡಿ ಅರ್ಧ ಒತ್ತಿದಾಗ ಹಳದಿ ದೀಪ ಬಂದರೆ ಶಟರ್ ವೇಗ 1/30 ಸೆಕೆಂಡಿಗಿಂತ ಕಡಿಮೆ, ಕೈಯಲ್ಲಿ ಹಿಡಿದು ತೆಗೆಯಬೇಡಿ. ಕೆಂಪು ಬಂದರೆ ಬೆಳಕು ಹೆಚ್ಚಾಯಿತು. ಬಾಣದ ದಿಕ್ಕಿಗೆ ಅಪರ್ಚರ್ ರಿಂಗ್ ತಿರುಗಿಸಿದರೆ ದೀಪ ಆರುತ್ತದೆ, ಆಗ ಕ್ಲಿಕ್ಕಿಸಿ. ಲೆನ್ಸಿನ ಮುಚ್ಚಳ ತೆಗೆಯದಿದ್ದರೂ ವ್ಯೂಫೈಂಡರಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿರುತ್ತದೆ, ಆ ಎಚ್ಚರ ಇರಲಿ.

ಇನ್ನು ಬೇಸರದ ವಿಷಯ. ಆ ‘ಠಕ್’ ಬರುವುದು, ಒಳಗಿನ ಸರಳೊಂದು ಬಂದು ಬಡಿದು ನಿಲ್ಲುವ ಪುಟ್ಟ ರಬ್ಬರ್ ತುಂಡಿನ ದಯೆಯಿಂದ. ಹಳಬರು ಅದನ್ನು ‘ಪ್ಯಾಡ್ ಆಫ್ ಡೆತ್’ ಅಂತಲೇ ಕರೆಯುವುದು. ಐವತ್ತು ವರ್ಷದ ಆ ರಬ್ಬರ್ ಪುಡಿಯಾದರೆ ಸರಳು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ, ಶಟರಿನ ವಿದ್ಯುತ್ ಸಂಪರ್ಕಗಳು ಹೊತ್ತಿಗೆ ಸರಿಯಾಗಿ ಕೂಡುವುದಿಲ್ಲ, ನೆಗೆಟಿವ್‌ಗಳು ಕರ್ರಗೆ ದಟ್ಟವಾಗಿ ಬರುತ್ತವೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ‘ವರ್ಕಿಂಗ್ ಕಂಡೀಷನ್’ ಎಂದು ಮಾರುವವರಲ್ಲಿ ಅನೇಕರು ಬ್ಯಾಟರಿಯನ್ನೇ ಹಾಕಿ ನೋಡಿರುವುದಿಲ್ಲ. ಬ್ಯಾಟರಿ ಇಲ್ಲದೆಯೂ ಇದು ಕ್ಲಿಕ್ ಅನ್ನುತ್ತದೆ, ಆದರೆ ಆಗ ಸಿಗುವುದು 1/500 ಒಂದೇ ವೇಗ. ಅದನ್ನೇ ಪರೀಕ್ಷೆ ಎಂದು ಒಪ್ಪಿಸುವುದು ಮೋಸ.

ಸರಿಯಾದ ಪರೀಕ್ಷೆ ಹೀಗೆ: ಬ್ಯಾಟರಿ ಹಾಕಿ, ಫಿಲ್ಮ್ ಇಲ್ಲದೆ ಹಿಂಬದಿಯ ಬಾಗಿಲು ತೆರೆದಿಡಿ. ಎಎಸ್ಎ 25, ಎಫ್16ಕ್ಕಿಟ್ಟು, ಮುಂದಿರುವ ಬೆಳಕಿನ ಕಣ್ಣನ್ನು ಬೆರಳಿಂದ ಮುಚ್ಚಿ ಗುಂಡಿ ಒತ್ತಿ ಹಿಡಿಯಿರಿ. ಶಟರ್ ಹಲವು ಸೆಕೆಂಡು ತೆರೆದೇ ಇರಬೇಕು. ಆಮೇಲೆ ಎಎಸ್ಎ 1000, ಎಫ್1.7ಕ್ಕಿಟ್ಟು ಕಿಟಕಿಯ ಕಡೆ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಬೇಕು. ಎರಡೂ ಸರಿ ಬಂದು, ಲಿವರ್ ಎಳೆದಾಗ ‘ಠಕ್’ ಕೇಳಿದರೆ ದುಡ್ಡು ಕೊಡಿ. ಕೇಳದಿದ್ದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಆ ಪ್ಯಾಡ್ ಮುಟ್ಟಲು ಕ್ಯಾಮೆರಾ ಬಿಚ್ಚಲೇಬೇಕು, ಕೈ ಪಳಗದವರು ಹೋಗಬಾರದು.

ಬಾಗಿಲ ಅಂಚಿನ ಫೋಮ್ ಬದಲಿಸುವುದನ್ನು ಮಾತ್ರ ಮನೆಯಲ್ಲೇ ಮಾಡಬಹುದು. ನಮ್ಮ ಕಡೆಯ ಬೇಸಿಗೆಗೆ ಅದು ಕರಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಹಲ್ಲುಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಹಿಂಡಿ, ಅಂಚಿನ ಸಂದಿಯೊಳಗೆ ಸ್ವಲ್ಪ ಸ್ವಲ್ಪವೇ ಕೆರೆಯಿರಿ. ಸ್ಪಿರಿಟ್ ತೊಟ್ಟಿಕ್ಕಬಾರದು, ಕರಿ ಚೂರು ಶಟರಿನ ಕಡೆ ಬೀಳಬಾರದು. ಸಂದಿ ಒಣಗಿದ ಮೇಲೆ ಸ್ವೆಟರ್ ಹೆಣೆಯುವ ಕರಿ ಉಣ್ಣೆ ದಾರವನ್ನು ಒತ್ತಿ ಕೂರಿಸಿ. ಬಾಗಿಲ ಕೀಲಿನ ಪಕ್ಕಕ್ಕೆ, ಹಿಂದೆ ಅಂಟು ಇರುವ ಕರಿ ಫೆಲ್ಟ್ ಬಟ್ಟೆಯ ಪಟ್ಟಿ ಬೇಕು. ದಾರ ದಪ್ಪವಾದರೆ ಬಾಗಿಲು ಮುಚ್ಚುವುದಿಲ್ಲ, ಎಳೆ ಬಿಡಿಸಿ ತೆಳುಮಾಡಿ.

ಇದಕ್ಕೆ ಹಾಕುತ್ತಿದ್ದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗಿಲ್ಲ. 6 ವೋಲ್ಟಿನ 4ಎಲ್ಆರ್44 ಸಾಕು, ಉಳಿಯುವ ಸುಮಾರು 2 ಸೆಂ.ಮೀ. ಜಾಗಕ್ಕೆ ಒಂದು ಸ್ಪ್ರಿಂಗ್. ಅಲುಗದಂತೆ ಸುತ್ತ ದಪ್ಪ ಕಾಗದ ಸುತ್ತಿ.

ಮಧ್ಯಾಹ್ನದ ಬಿಸಿಲಿಗೆ 1/500 ಸಾಲದು ಎನ್ನುವ ದೂರು ನನ್ನದೂ ಹೌದು. 400ರ ಫಿಲ್ಮ್ ಹಾಕಿ ಕಲಬುರಗಿಯ ಹಫ್ತ್ ಗುಂಬಜ್ ಗೋರಿಗಳ ಮುಂದೆ ನಿಂತರೆ ಎಫ್16 ಬಿಟ್ಟು ಬೇರೆ ದಾರಿಯಿಲ್ಲ. ಹಾಗಾಗಿ ಹಗಲಿಗೆ 100ರ ಫಿಲ್ಮ್ ಸರಿ. ಹಿನ್ನೆಲೆ ಮಸುಕಾಗಿಸಬೇಕಾದರೆ ಬೆಳಕನ್ನು ಕಾಲು ಭಾಗಕ್ಕೆ ಇಳಿಸುವ 55 ಎಂ.ಎಂ.ನ ಎನ್‌ಡಿ4 ಫಿಲ್ಟರ್ ಬೇಕು. ಕ್ಯಾಮೆರಾ ಲೆನ್ಸಿನ ಮೂಲಕ ಅಳೆಯುವುದಿಲ್ಲವಾದ್ದರಿಂದ ಡಯಲನ್ನು 25ಕ್ಕಿಡಿ, ಫಿಲ್ಟರ್ ತೆಗೆದ ಕೂಡಲೇ 100ಕ್ಕೆ ತನ್ನಿ.

ತಿಂಗಳಿಗೊಂದೇ ರೋಲು ತೊಳೆಸುವಷ್ಟು ಬಜೆಟ್ ಇದ್ದವರಿಗೆ, ಪ್ಯಾಡ್ ಗಟ್ಟಿಯಿರುವ ಜಿಎಸ್ಎನ್ ಸಿಕ್ಕರೆ, ಬೀದರಿನ ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿಯನ್ನು ಫ್ಲ್ಯಾಶ್ ಇಲ್ಲದೆ ಹಿಡಿಯಲು ಇದನ್ನೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ.